ನಾಯಕನ ಕೂದಲು

ಓಹಾಯೋ, ೩೦ ನವೆಂಬರ್ ೧೮೯೩, ಗುರುವಾರ

ಕಾಲೇಜು ಫುಟ್‌ಬಾಲಿನ ಕೊನೆಯ ಪಂದ್ಯವನ್ನೂ ಸೋತೆವು. ಈ ಸಲ ಒಂದನ್ನೂ ಗೆಲ್ಲಲಿಲ್ಲ. ಅದಕ್ಕಿಂತ ಹೊಟ್ಟೆ ಉರಿಸುತ್ತಿರುವುದು ನಮ್ಮ ನಾಯಕ ಪ್ರೂಯಿಟ್‌ನ ಕೂದಲು. ಬರಿತಲೆಯಲ್ಲಿ ಆಡುವಾಗ ಏಟಿಗೆ ತಲೆ ಒಡೆಯದಿರಲೆಂದು ಬೇಸಿಗೆಯಿಂದಲೇ ಎಲ್ಲರೂ ಕೂದಲು ಬೆಳೆಸಿದ್ದೆವು. ನಮ್ಮದು ಕೆಸರು, ರಕ್ತ ಮೆತ್ತಿ ಗಂಟುಗಟ್ಟಿದೆ. ಅವನದು ಬಾಚಿದ ಹಾಗೇ ಇದೆ. ಚೆಂಡು ಹಿಡಿದು ಎದುರಾಳಿಗಳ ಮೇಲೆ ಗುಂಪಾಗಿ ನುಗ್ಗುವಾಗ ಮಹಾಶಯ ಸದಾ ಹಿಂದೆ.

ಪಂದ್ಯ ಮುಗಿದು ತಂಡದ ಫೋಟೋಗೆ ನಿಂತಾಗ ಅವನು ಬಗ್ಗಿ, ಕೆಸರು ತೆಗೆದು ಕೆನ್ನೆಗೆ ಬಳಿದುಕೊಂಡ.

"ಏನೋ, ಪೌಡರ್ ಹಚ್ಕೊಳ್ತಿದೀಯಾ?" ಇವತ್ತು ಎರಡು ಹಲ್ಲು ಕಳೆದುಕೊಂಡ ಲೆಮ್ಯುಯಲ್ ಕೇಳಿದ.

"ಸುಮ್ನಿರೋ. ನಿಮಗೆಲ್ಲ ಜೆರ್ಸಿ ಕೊಡ್ಸಿದ್ದು ನಮ್ಮಪ್ಪ. ಅವ್ರು ನೋಡೋ ಫೋಟೋ ಇದು."

ಈ ವರ್ಷದ ಪಂದ್ಯಗಳಲ್ಲೆಲ್ಲ ಅವನಿಗೆ ತಗುಲಿದ ಕೆಸರು ಅದೊಂದೇ.

ಆಮೇಲೆ ಮುಂದಿನ ವರ್ಷದ ನಾಯಕನ ಆಯ್ಕೆ. ಎಲ್ಲರೂ ಅವನಿಗೇ ಕೈ ಎತ್ತಿದರು. ಲೆಮ್ಯುಯಲ್ ಕೂಡ. ನನ್ನ ಕೈಯೂ, ಥೂ...