ಶಹಾಬಾದ್ ಕಲ್ಲಿನ ಮೇಲೆ ಎದ್ದ ಮುಖ

ತಂಪುಕೇರಿ, ಶಹಾಬಾದ್
ಹೊಸ ಎಣಿಕೆಯ ಮುನ್ನೂರ ಹನ್ನೊಂದನೆಯ ವರ್ಷ, ಎರಡನೆಯ ಬೇಸಿಗೆ

ಅವ್ವಾ ಜಗದೇವಿ,

ತಾರೀಖು ನೋಡಿ ಗಾಬರಿಯಾಗಬೇಡ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ಕಲಬುರಗಿಯಲ್ಲಿ ಓದುವ ನಿನಗೆ ಇದೇನು ದೊಡ್ಡ ಸುದ್ದಿಯಲ್ಲ ಎಂದುಕೊಂಡಿದ್ದೇನೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊ. ವಯಸ್ಸಿನಲ್ಲಿ ನೀನು ನನ್ನ ಮಗಳಂಥವಳು, ಕಾಲದಲ್ಲಿ ನನ್ನ ಮುತ್ತಜ್ಜಿಗೂ ಮುತ್ತಜ್ಜಿ. ನಮ್ಮ ಕಡೆ ತಾಯಿಯನ್ನೂ ಮಗಳನ್ನೂ ಅವ್ವಾ ಎಂದೇ ಕರೆಯುವುದರಿಂದ ನನ್ನ ಕಷ್ಟ ತಪ್ಪಿತು. ಇದು ಹಿಂದೋಲೆ, ಅಂದರೆ ಹಿಂದಿನ ಕಾಲದವರಿಗೆ ಕಳಿಸುವ ಕಾಗದ. ಒಬ್ಬರಿಗೆ ಜನ್ಮಕ್ಕೆ ಒಂದೇ ಸಿಗುತ್ತದೆ. ನನ್ನದನ್ನು ನಿನಗೆ ಬರೆಯುತ್ತಿದ್ದೇನೆ.

ನಾನು ರೇವಮ್ಮ, ಈ ಕೇರಿಯ ಕಲ್ಲಾರೈಕೆಯವಳು. ಬಿರುಕು ಬಿಟ್ಟ, ಸವೆದ ಹಾಸುಗಲ್ಲುಗಳನ್ನು ಸರಿಮಾಡುವುದು ನನ್ನ ಕಸುಬು. ನಿಮ್ಮ ಕಾಲದವರು ಕಲ್ಲು ತೆಗೆದು ಬಿಟ್ಟುಹೋದ ಗಣಿಗಳಲ್ಲೇ ನಾವು ಮನೆ ಮಾಡಿಕೊಂಡಿದ್ದೇವೆ. ಕೆಳಗೆ ತಂಪಾಗಿದೆ, ಮೇಲೆ ಬಿಸಿಲಿಗೆ ತಲೆ ಎತ್ತುವಂತಿಲ್ಲ. ನೆಲಕ್ಕೆ ಹಾಸುವುದೆಲ್ಲ ಕಲಬುರಗಿಯ ಬಿದ್ದ ಕಟ್ಟಡಗಳಿಂದ ಎತ್ತಿ ತಂದ ಕಲ್ಲು. ಜೋಳದ ರೊಟ್ಟಿ ಈಗಲೂ ಉಣ್ಣುತ್ತೇವೆ, ಆದರೆ ಅದು ಯಂತ್ರದ ಬಾಯಿಂದ ಬರುತ್ತದೆ, ಕೈಯಲ್ಲಿ ಬಡಿದದ್ದನ್ನು ಕಂಡವರಿಲ್ಲ. ತಿಂಗಳಿಗೊಮ್ಮೆ ನೀರ್ದಿನ ಬರುತ್ತದೆ. ಅಂದು ಪ್ರತಿ ಮನೆಯವರೂ ತಮ್ಮ ಪಾಲಿನ ನೀರಿನಲ್ಲಿ ನೆಲ ತೊಳೆದು, ಬರಿಗಾಲಲ್ಲಿ ಒಬ್ಬರ ಮನೆಗೊಬ್ಬರು ಹೋಗಿ ಬರುತ್ತಾರೆ. ನಮ್ಮಲ್ಲಿ ಇಲ್ಲದ್ದು ಹಳೆಯ ಚಿತ್ರ. ನೀವು ದಿನವಿಡೀ ಫೋಟೊ ತೆಗೆಯುತ್ತಿದ್ದಿರಂತೆ. ಅವೆಲ್ಲ ಎಲ್ಲೋ ದೂರದ ಯಂತ್ರಗಳಲ್ಲಿದ್ದವು, ಯಂತ್ರ ಕೆಟ್ಟಾಗ ಅವೂ ಹೋದವು. ಆ ಕಾಲವನ್ನು ಚಿತ್ರಬರ ಎನ್ನುತ್ತೇವೆ. ಹಿರಿಯರ ಹೆಸರುಗಳು ನಮಗೆ ಬಾಯಿಪಾಠವಾಗಿವೆ, ಆದರೆ ಒಬ್ಬರ ಮುಖವೂ ಗೊತ್ತಿಲ್ಲ.

ಕಳೆದ ನೀರ್ದಿನಕ್ಕೆ ಮುಂಚೆ ಎದುರುಮನೆಯ ಹಸೀನವ್ವನ ಅಡುಗೆಮನೆಯಲ್ಲಿ ಸವೆದುಹೋಗಿದ್ದ ಒಂದು ಕಲ್ಲನ್ನು ಮಗುಚಿ ಹಾಸಿದ್ದೆ. ಅದರ ಅಡಿಯ ಮೈ ಆಶ್ಚರ್ಯವಾಗುವಷ್ಟು ನುಣುಪಾಗಿತ್ತು. ಆಕೆ ನೀರು ಹೊಯ್ದಾಗ ಕಲ್ಲೆಲ್ಲ ಒದ್ದೆಯಾಗಿ ಕಪ್ಪಾಯಿತು, ಕೆಲವು ಗೆರೆಗಳು ಮಾತ್ರ ಒಣಗಿಯೇ ಉಳಿದವು. ನೋಡನೋಡುತ್ತ ಆ ಗೆರೆಗಳು ಕಣ್ಣಾದವು, ಮೂಗುಬೊಟ್ಟಾದವು, ತಲೆಯ ಮೇಲಿನ ಸೆರಗಾದವು. ಒಬ್ಬ ಹೆಂಗಸು ತಲೆ ಬಾಗಿಸಿ, ನಗು ತಡೆದುಕೊಂಡು, ಎರಡೂ ಅಂಗೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಹಸೀನವ್ವ ಕೊಡ ಕೆಳಗಿಟ್ಟು ಕೇಳಿದ್ದು ಇಷ್ಟೇ: “ಇಕಿ ಯಾರ ಮನಿ ಹೆಣ್ಮಗಳು, ರೇವಮ್ಮ? ಇಷ್ಟ ದಿನ ನಾವು ಇಕಿ ಮ್ಯಾಲ ಅಡ್ಡಾಡಿವೇನು?” ನೀರು ಆರಿತು, ಮುಖ ಮಾಯವಾಯಿತು. ಸುದ್ದಿ ಹಬ್ಬಿ ಕೇರಿಗೆ ಕೇರಿಯೇ ಬಂತು. ಕುಡಿಯಲು ಇಟ್ಟುಕೊಂಡ ನೀರನ್ನು ತಂದು ಹನಿಸಿ ಹನಿಸಿ ನೋಡಿದರು. ಯಾರೂ ದಾಹ ಎನ್ನಲಿಲ್ಲ.

ಮುಖದ ಕೆಳಗೆ ನಿನ್ನ ಕೈಬರಹವಿತ್ತು: ‘ಅವ್ವ. ಜಗದೇವಿ, ಎಂವಿಎ ಕೊನೆಯ ವರ್ಷ.’ ಎಂವಿಎ ಅಂದರೆ ಚಿತ್ರಕಲೆಯ ದೊಡ್ಡ ಓದಂತೆ. ನಿಮ್ಮ ಕಾಲದ ಕಸುಬಿನ ಪಾಠಗಳು ಉಳಿದಿರುವುದರಿಂದ ಮಿಕ್ಕದ್ದೂ ನನಗೆ ಅರ್ಥವಾಯಿತು. ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು, ಒದ್ದೆ ಮಾಡಿ ಮಸಿ ಉರುಳಿಸಿದರೆ, ಮಸಿ ಜಿಡ್ಡಿಗಷ್ಟೇ ಅಂಟಿ ಕಾಗದಕ್ಕೆ ಇಳಿಯುತ್ತದೆ. ಅದಕ್ಕೆ ಪರದೇಶದ ಕಲ್ಲೇ ಆಗಬೇಕು ಎನ್ನುತ್ತಿದ್ದರು. ನೀನು ಹಟ ಹಿಡಿದು ನಿಮ್ಮ ಕಡೆಯ ಶಹಾಬಾದ್ ನೆಲಹಾಸಿನ ಕಲ್ಲನ್ನು ಸ್ಟುಡಿಯೊಗೆ ಹೊತ್ತು ತಂದೆ. ಎಂಥ ಗಟ್ಟಿಗಿತ್ತಿ! ಆ ಮುಖದ ಅಡಿಯಲ್ಲಿ ಅದೇ ಮುಖ ಮಸುಕಾಗಿ ಮತ್ತೆ ಕಾಣುತ್ತದೆ, ಒಂದರಲ್ಲಿ ಪಾಪ ನಿಮ್ಮವ್ವನ ಮೂಗು ವಿಪರೀತ ಉದ್ದವಾಗಿದೆ. ಪ್ರತಿ ಸಲ ಉಜ್ಜಿ ಅಳಿಸಿ ಹೊಸದಾಗಿ ಶುರುಮಾಡಿದ್ದೀಯ. ಕೊನೆಗೆ ಮುಖ ಕೂಡಿಬಂದಾಗ, ಆ ಖುಷಿಯಲ್ಲಿ, ಅಕ್ಷರಗಳನ್ನು ತಿರುವುಮುರುವಾಗಿ ಬರೆಯಬೇಕೆನ್ನುವುದನ್ನೇ ಮರೆತೆ. ಕಾಗದದ ಮೇಲೆ ನಿನ್ನ ಹೆಸರು ಉಲ್ಟಾ ಬಂದಿರಬೇಕು, ಮಸಿಯೂ ತೇಪೆ ತೇಪೆಯಾಗಿ ಹಿಡಿದಿರಬೇಕು. ನಿನ್ನ ಗೈಡ್ ಏನೆಂದರೋ, ಪರೀಕ್ಷೆಗೆ ಎಷ್ಟು ಹೊತ್ತಿತ್ತೋ ಗೊತ್ತಿಲ್ಲ. ನೀನು ಅದನ್ನೂ ಉಜ್ಜಿದೆ. ಕಲ್ಲಿನ ಮೈ ಮೇಲೆ ಉಜ್ಜಿದ ನವಿರಾದ ಸುತ್ತುಗೆರೆಗಳನ್ನು ಬೆರಳಲ್ಲಿ ಮುಟ್ಟಿದರೆ ಆ ಸಿಟ್ಟು ಈಗಲೂ ತಿಳಿಯುತ್ತದೆ.

ನೀನು ಸೋತಿಲ್ಲ ಎಂದು ಹೇಳಲಿಕ್ಕೇ ಬರೆಯಲು ಕೂತೆ. ಆದರೆ ಕೇರಿಯವರಿಗೆ ಒಂದು ಭಯವಿದೆ, ನನಗೂ ಇದೆ. ಮಸಿ ಹೋದರೂ ಒಳಗಿಳಿದ ಜಿಡ್ಡು ಹೋಗಲಿಲ್ಲ. ನೀನು ಅಷ್ಟು ಉಜ್ಜಿದ್ದಕ್ಕೇ ಕಲ್ಲು ಕಾಲು ಜಾರುವಂತಾಯಿತು, ಜಾರುತ್ತದೆಂದೇ ನಿಮ್ಮ ಕಾಲೇಜಿನ ವರಾಂಡಕ್ಕೆ ಹಾಸಿದವರು ಒರಟು ಮೈ ಮೇಲಾಗಿ ಮಗುಚಿ ಹಾಸಿದರು. ಹಾಗೆ ಬೋರಲು ಬಿದ್ದಿದ್ದರಿಂದ ಸಾವಿರಾರು ಕಾಲುಗಳ ಕೆಳಗೂ ಅವಳು ಉಳಿದಳು. ಈ ಓಲೆ ನೀನು ಕೊನೆಯ ಸಲ ಉಜ್ಜುವ ಮುಂಚೆಯೇ ನಿನ್ನ ಕೈ ಸೇರುತ್ತದೆ. ಇದನ್ನು ಓದಿ ನೀನು ಉಜ್ಜದೆ ಆ ಕಲ್ಲನ್ನು ಜೋಪಾನವಾಗಿ ಗೋಡೆಗೆ ಒರಗಿಸಿಟ್ಟರೆ, ನಿಮ್ಮ ಕಾಲದಿಂದ ನಮಗೆ ದಕ್ಕಿದ ಒಂದೇ ಒಂದು ಮುಖ ಇಲ್ಲವಾಗುತ್ತದೆ.

ಆದ್ದರಿಂದ ಕರುಳು ಒಪ್ಪದಿದ್ದರೂ ಕೇಳುತ್ತೇನೆ. ಉಜ್ಜು, ಅವ್ವಾ. ಹೆತ್ತವಳ ಮುಖದ ಮೇಲೆ ಮರಳು ಸುರಿದು ಉಜ್ಜುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಅಳು ಬಂದರೆ ಅತ್ತುಬಿಡು, ಕೈ ಮಾತ್ರ ನಿಲ್ಲಿಸಬೇಡ. ಆಮೇಲೆ ಆ ಕಲ್ಲನ್ನು ನೆಲ ಹಾಸುವವರಿಗೆ ಕೊಟ್ಟು ಹೋಗು. ನಾವಿಲ್ಲಿ ನೀರು ಹಿಡಿದುಕೊಂಡು ಕಾಯುತ್ತಿದ್ದೇವೆ.

ನಿನ್ನ,
ರೇವಮ್ಮ