ಮಗಳ ಕೈ, ನನ್ನ ಸ್ಕ್ರೂ

ಮಾರ್ಚ್ ೧೨, ಬುಧವಾರ

ಶುಕ್ರವಾರ ಮಗಳಿಗೆ ಶೂಟಿಂಗ್ ಕ್ಲಬ್ಬಿನ ತಂಡದ ಆಯ್ಕೆ. ವಾರದಿಂದ ಅವಳ ಪಿಸ್ತೂಲಿನ ಗುಂಡುಗಳು ದಿಕ್ಕಾಪಾಲು. ಕ್ಲಬ್ಬಿನ ಪಿಸ್ತೂಲುಗಳನ್ನೆಲ್ಲ ರಿಪೇರಿ ಮಾಡುವ ನಾನು, ನಿನ್ನ ಕೈಯೇ ನಡುಗುತ್ತಿದೆ ಎನ್ನುತ್ತಲೇ ಬಂದೆ. ಇವತ್ತು ಅವಳು ಪಿಸ್ತೂಲನ್ನು ಅಲುಗದಂತೆ ಮರಳಿನ ಚೀಲದ ಮೇಲೆ ಊರಿ, ನನಗೇ ಹೊಡೆಯಲು ಹೇಳಿದಳು. ಐದು ಗುಂಡು ಐದು ಕಡೆ ಬಿದ್ದವು.

“ಈಗ ಯಾರ ಕೈ ನಡುಗಿತಪ್ಪಾ?”

“ವಯಸ್ಸಾಯ್ತಲ್ಲಮ್ಮ.”

“ಚೀಲಕ್ಕೂ ವಯಸ್ಸಾಯ್ತಾ?”

ಗುರಿ ನೋಡಲು ಪಿಸ್ತೂಲಿನ ಹಿಂತುದಿಯಲ್ಲಿರುವ ಕಿಂಡಿಯ ಪಟ್ಟಿಯನ್ನು ಅವಳು ಉಗುರಿನಿಂದ ತಳ್ಳಿದಳು, ಅಲ್ಲಾಡಿತು. ಹೋದ ವಾರ ಅದರ ಸ್ಕ್ರೂ ಬಿಗಿ ಮಾಡದೆ ಬಿಟ್ಟವನು ನಾನೇ. ಬಿಗಿ ಮಾಡಿದ ಮೇಲೆ ಅವಳ ಹತ್ತು ಗುಂಡೂ ಅಂಗೈಯಗಲದೊಳಗೆ.

ರಿಪೇರಿ ಪುಸ್ತಕದಲ್ಲಿ ‘ದೋಷ ಪತ್ತೆ ಮಾಡಿದವರು’ ಎಂಬಲ್ಲಿ ಇಪ್ಪತ್ತು ವರ್ಷದಿಂದ ನನ್ನದೇ ಸಹಿ. ಇವತ್ತು ಅವಳಿಂದ ಹಾಕಿಸಿದೆ. ತಪ್ಪು ನನ್ನದಾದರೂ ಹಿಗ್ಗು ತಡೆಯಲಾಗುತ್ತಿಲ್ಲ. ಆ ಸಹಿಯಲ್ಲಿ ನಡುಕ ಎಳ್ಳಷ್ಟೂ ಇಲ್ಲ.