ನರ್ಸಮ್ಮನ ಜೀಪಿನ ಕಂಟ್ರೋಲ್ ಆರ್ಮ್

ಗ್ಯಾರೇಜಿನಿಂದ
ಮಾರ್ಚ್ ೧೨, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಕಿವಿನೋವು ಈಗ ಹೇಗಿದೆ? ಸುರಂಗದಲ್ಲಿ ಬಂಡೆ ಕೊರೆಯುವಾಗ ಕಿವಿ ಮುಚ್ಚಿಕೊಳ್ಳುತ್ತೀಯೋ ಇಲ್ಲವೋ, ನಿನ್ನ ಮೊಂಡುತನ ನನಗೆ ಗೊತ್ತಿಲ್ಲವೇ. ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ಬರೆಯಹೊರಟರೆ ಪೆನ್ನು ಮುಂದೆ ಹೋಗಲಿಲ್ಲ. ಅದಕ್ಕೇ ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಗುಡ್ಡದ ಮೇಲಿನ ಬಾಣಂತಿಯರನ್ನು ನೋಡಲು ಹೋಗುವ ನರ್ಸಮ್ಮನ ಜೀಪಿಗೆ ಕಲ್ಲು ತಾಗುತ್ತಿತ್ತಲ್ಲ, ಅಪ್ಪ ಅದನ್ನು ನಾಲ್ಕು ಇಂಚು ಎತ್ತರಿಸಿಕೊಟ್ಟರು. ಎತ್ತರಿಸಿದ ಮೇಲೆ, ಹಿಂದಿನ ಚಕ್ರಗಳ ಆಕ್ಸಲನ್ನು ಜೀಪಿನ ಚಾಸಿ ಚೌಕಟ್ಟಿಗೆ ಹಿಡಿದಿಡುವ ಹಳೆಯ ಕಂಟ್ರೋಲ್ ಆರ್ಮ್‌ಗಳು ಗಿಡ್ಡವಾದವು. ಆಕ್ಸಲ್ ಮುಂದಕ್ಕೆ ಜಗ್ಗಿತು, ಸ್ವಲ್ಪ ವೇಗ ಏರಿದರೆ ಚಕ್ರ ತಿರುಗಿಸುವ ಶಾಫ್ಟ್ ಗುಂಯ್ ಎನ್ನತೊಡಗಿತು. ಉದ್ದದ ಆರ್ಮ್ ಹಾಕಲೇಬೇಕಾಯಿತು. ಅಪ್ಪನಿಗೆ ಒಂದೇ ಅಳತೆಯ ದಪ್ಪ ಆರ್ಮ್ ಬೇಕು, ನನಗೆ ತಿರುಗಿಸಿ ಉದ್ದ ಹೊಂದಿಸುವಂಥದ್ದು. ಆಕ್ಸಲನ್ನು ಕೂದಲೆಳೆಯಷ್ಟು ನಿಖರವಾಗಿ ಕೂರಿಸಬಹುದಲ್ಲ. "ಹೊಂದಿಸೋ ನಟ್ಟೇ ಒಂದಿನ ಸಡಿಲ ಆಗೋದು, ನೆನಪಿಟ್ಕೋ" ಎಂದರು ಅಪ್ಪ. ಎರಡು ದಿನ ಮಾತು ಬಿಟ್ಟೆವು. ಟೀ ಲೋಟವನ್ನು ಮೇಜಿನ ಮೇಲೆ ಕುಕ್ಕುವುದೇ ನಮ್ಮ ಸಂಭಾಷಣೆ. ಕೊನೆಗೆ ಅವರೇ ಸೋತರು. ಬಲಗಡೆ ನಾನು, ಎಡಗಡೆ ಅವರು, ಒಟ್ಟಿಗೇ ಜೀಪಿನಡಿ ಮಲಗಿ ನನ್ನಿಷ್ಟದ ಆರ್ಮ್ ಕೂರಿಸಿದೆವು. ನನಗೆ ಎಷ್ಟು ಹಿಗ್ಗು ಗೊತ್ತೇ!

ಮೂರು ವಾರಕ್ಕೆ, ಕಲ್ಲುಗಣಿಯ ಇಳಿಜಾರಿನಲ್ಲಿ ಹೊಂದಿಸಿದ ಉದ್ದ ಕದಲದಂತೆ ಹಿಡಿಯುವ ಎಡಗಡೆಯ ಲಾಕ್ ನಟ್ ಸಡಿಲವಾಗಿ ಆರ್ಮ್ ಕಳಚಿಕೊಂಡಿತು. ಜೀಪು ಅಡ್ಡ ತಿರುಗಿ ಚರಂಡಿಗೆ ಬಿತ್ತು. ನರ್ಸಮ್ಮನ ಮಣಿಕಟ್ಟು ಮುರಿಯಿತು. ಹತ್ತು ನಿಮಿಷದ ಹಿಂದೆಯಷ್ಟೇ ಒಬ್ಬ ತುಂಬು ಗರ್ಭಿಣಿಯನ್ನು ಇಳಿಸಿ ಬಂದಿದ್ದರಂತೆ. ಆಸ್ಪತ್ರೆಗೆ ಹೋಗಿ, ನಟ್ ಬಿಗಿ ಮಾಡಿದ್ದು ನಾನೇ, ತಪ್ಪು ನನ್ನದೇ ಎಂದೆ. ಅವರು ಚೆನ್ನಾಗಿರುವ ಕೈಯಿಂದ ನನ್ನ ತಲೆ ನೇವರಿಸಿದರು. ಅಪ್ಪ ಮಾತ್ರ ನನ್ನ ಮುಖ ನೋಡುತ್ತಿಲ್ಲ. ತಮಗೆ ಬೇಕಾದ ಒಂದೇ ಅಳತೆಯ ಆರ್ಮ್ ತರಿಸಿ, ಬೆಳಿಗ್ಗೆಯಿಂದ ಒಬ್ಬರೇ ಕೂರಿಸಿದರು. ಸ್ಪ್ಯಾನರ್ ಕೊಡಲು ಹೋದರೂ "ನೀನು ದೂರ ಇರು" ಎಂದರು.

ಊಟ ಬಿಡಬೇಡ, ಕಿವಿಯನ್ನು ಡಾಕ್ಟರಿಗೆ ತೋರಿಸು. ನಿನ್ನ ಜೊತೆಯವರಿಗೆಲ್ಲ ನನ್ನ ನೆನಪು ತಿಳಿಸು.

ನಿನ್ನ ತಂಗಿ,
ಮಸಿಮೂತಿ

ತಾ.ಕ.: ಅಕ್ಕಾ, ಎಡಗಡೆಯದನ್ನು ಬಿಗಿ ಮಾಡಬೇಕಿದ್ದದ್ದು ಅಪ್ಪ. ಮಾಡಿದೆ ಎಂದುಕೊಂಡು, ಬಿಗಿಯಾಯಿತು ಎಂಬ ಬಣ್ಣದ ಗುರುತನ್ನೂ ನಟ್ಟಿಗೆ ಹಚ್ಚಿದ್ದರು. ಈಗ ಅವರಿಗೆ ಅದೊಂದೂ ನೆನಪಿಲ್ಲ, ಎರಡೂ ಕಡೆ ನಾನೇ ಮಾಡಿದ್ದು ಎಂದೇ ನಂಬಿದ್ದಾರೆ. ಈಗಷ್ಟೇ ಅವರು ಊಟಕ್ಕೆ ಎದ್ದಾಗ ಜೀಪಿನಡಿ ಹೋಗಿ ಹೊಸ ಆರ್ಮ್‌ಗಳನ್ನು ಆಕ್ಸಲಿಗೆ ಕಟ್ಟುವ ಬೋಲ್ಟಿನ ನಟ್‌ಗಳನ್ನು ಮುಟ್ಟಿ ನೋಡಿದೆ. ಎಲ್ಲದಕ್ಕೂ ಬಣ್ಣ ಇದೆ. ಎರಡು ಬೆರಳಲ್ಲೇ ತಿರುಗಿದವು. ಬಿಗಿ ಮಾಡಿ ಬಂದಿದ್ದೇನೆ. ಇದನ್ನು ಅವರಿಗೆ ಹೇಳಲು ನನ್ನಿಂದಾಗದು, ನಿನ್ನ ಮಾತಾದರೆ ಕೇಳುತ್ತಾರೆ. ಬೇಗ ಬಾ.